ಎದೆಗೂ ಉಂಟು ಸ್ಕ್ಯಾನಿಂಗ್

ಸ್ಕ್ಯಾನಿಂಗ್ ಎಂದೊಡನೆ ನಮಗೆ ನೆನಪಾಗುವುದು ಗರ್ಭಿಣಿಯರು, ಇಲ್ಲವೇ ಮೂತ್ರಪಿಂಡದ ಕಲ್ಲು. ಜ್ವರ, ಕೆಮ್ಮು, ಏದುಸಿರಿನಿಂದ ಆಸ್ಪತ್ರೆ ಸೇರಿದ ಅಜ್ಜನ ಎದೆ ಮತ್ತು ಬೆನ್ನಿನ ಮೇಲೆ ವೈದ್ಯರು ಅದೇ ಯಂತ್ರವನ್ನು ಓಡಿಸಿದರೆ ಮನೆಯವರಿಗೆ ಅಚ್ಚರಿಯಾಗುತ್ತದೆ.

ಒಂದು ಕಾಲಕ್ಕೆ ವೈದ್ಯರಿಗೂ ಇದು ಅಚ್ಚರಿಯೇ ಆಗಿತ್ತು. ಶ್ರವಣಾತೀತ ಧ್ವನಿಗೆ ಗಾಳಿಯನ್ನು ಹಾದುಹೋಗಲು ಆಗದು. ಶ್ವಾಸಕೋಶದ ತುಂಬ ಇರುವುದು ಗಾಳಿಯೇ. ಆದ್ದರಿಂದ ಅಲ್ಲಿ ಸ್ಕ್ಯಾನಿಂಗ್ ಮಾಡಿ ಫಲವಿಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಫ್ರಾನ್ಸಿನ ತೀವ್ರ ನಿಗಾ ವೈದ್ಯ ಡೇನಿಯಲ್ ಲಿಚ್ಟೆನ್‌ಸ್ಟೈನ್ 1990ರ ದಶಕದಲ್ಲಿ ಈ ತೊಡಕನ್ನೇ ಅನುಕೂಲವಾಗಿ ಬಳಸಿಕೊಂಡವರಲ್ಲಿ ಪ್ರಮುಖರು.

ಆರೋಗ್ಯವಂತರಲ್ಲಿ ಶ್ವಾಸಕೋಶದ ಹೊರಪೊರೆ ಉಸಿರಿನೊಡನೆ ಜಾರುವ ಬಿಳಿ ಗೆರೆಯಾಗಿ ಕಾಣುತ್ತದೆ. ಅದರ ಕೆಳಗೆ ಸಮಾನ ಅಂತರದಲ್ಲಿ ಅಡ್ಡಗೆರೆಗಳು. ಇವು ನಿಜವಾದ ಚಿತ್ರವಲ್ಲ, ಬರಿಯ ಪ್ರತಿಧ್ವನಿ. ವೈರಸ್ ಸೋಂಕಿನಿಂದ ಉರಿಯೂತವುಂಟಾಗಿ ಗಾಳಿಗೂಡುಗಳಲ್ಲಿ, ಅವುಗಳ ಗೋಡೆಗಳಲ್ಲಿ ದ್ರವ ಸೇರಿದಾಗ ನೋಟ ಬದಲಾಗುತ್ತದೆ. ಹೊರಪೊರೆಯಿಂದ ಪರದೆಯ ತಳದವರೆಗೆ ಉದ್ದನೆಯ ಬಿಳಿ ಗೆರೆಗಳು ಇಳಿಯುತ್ತವೆ. ಇವಕ್ಕೆ ‘ಬಿ ಗೆರೆ’ಗಳೆಂದು ಹೆಸರು. ಎರಡು ಪಕ್ಕೆಲುಬುಗಳ ನಡುವೆ ಒಂದೆರಡು ಕಂಡರೆ ಚಿಂತೆಯಿಲ್ಲ. ಮೂರು ಅಥವಾ ಹೆಚ್ಚು ಇದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ರೋಗ ಇನ್ನೂ ಬಲಿತು ಗಾಳಿ ಪೂರ್ತಿ ಹೋದ ಭಾಗವಂತೂ ಯಕೃತ್ತಿನಂತೆ ಗಟ್ಟಿಯಾಗಿ ಕಾಣುತ್ತದೆ.

2020ರಲ್ಲಿ ಕೋವಿಡ್ ಹರಡಿದಾಗ ಈ ಪರೀಕ್ಷೆ ಬಹಳ ನೆರವಾಯಿತು. ರೋಗಿಯನ್ನು ಸಿ.ಟಿ. ಕೊಠಡಿಗೆ ಸಾಗಿಸುವ ಬದಲು ಯಂತ್ರವನ್ನೇ ಹಾಸಿಗೆಯ ಬಳಿಗೆ ತರಬಹುದಿತ್ತು. ಇದರಲ್ಲಿ ವಿಕಿರಣವಿಲ್ಲ, ಗರ್ಭಿಣಿಯರಿಗೂ ಹಸುಗೂಸುಗಳಿಗೂ ಮತ್ತೆ ಮತ್ತೆ ಮಾಡಬಹುದು. ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಇದೇ ದೊಡ್ಡ ಅನುಕೂಲ.

ಹಾಗೆಂದು ಇದನ್ನು ಸರ್ವಜ್ಞನೆಂದು ಭಾವಿಸಬೇಡಿ. ಯಾವ ವೈರಸ್ ಎಂಬುದನ್ನು ಇದು ಹೇಳದು. ಅದಕ್ಕೆ ಮೂಗು, ಗಂಟಲ ದ್ರವದ ಪರೀಕ್ಷೆಯೇ ಬೇಕು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದಾಗಲೂ ಇಂಥವೇ ಗೆರೆಗಳು ಮೂಡುತ್ತವೆ. ಹೊರಪೊರೆಯನ್ನು ಮುಟ್ಟದ, ಆಳದಲ್ಲಿರುವ ರೋಗ ಕಣ್ಣಿಗೆ ಬೀಳದು. ನೋಡುವವರ ಕೈ ಪಳಗಿರಬೇಕಾದ್ದೂ ಮುಖ್ಯ. ಇನ್ನು, ಯಂತ್ರ ಚಿಕ್ಕದೆಂದು ಮನೆಗೇ ತರಿಸಿಕೊಳ್ಳುವಂತಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ ಸ್ಕ್ಯಾನಿಂಗ್ ಯಂತ್ರಗಳ ನೋಂದಣಿ ಕಡ್ಡಾಯ.

ಸಾಮಾನ್ಯ ನೆಗಡಿ, ಕೆಮ್ಮಿಗೆಲ್ಲ ಎದೆಯ ಸ್ಕ್ಯಾನಿಂಗ್ ಬೇಕಿಲ್ಲ. ಆದರೆ ಮಾತಾಡುವಾಗಲೇ ಏದುಸಿರು, ತುಟಿ ನೀಲಿಯಾಗುವುದು, ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿಯುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೂಸು ಹಾಲು ಬಿಟ್ಟರೆ, ಉಸಿರೆಳೆದಾಗ ಅದರ ಪಕ್ಕೆ ಒಳಸೇದಿದರೆ ಆಗಲೂ ಅಷ್ಟೆ. ಎರಡು ತಿಂಗಳು ತುಂಬಿ ವರ್ಷದೊಳಗಿನ ಮಗು ಅಳದೆ ಮಲಗಿರುವಾಗ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ; 50 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ.