ಆ ಕಡೆ ಮಾತಾಡುತ್ತಿರುವವರು ಯಾರು?

ಹುಣಸೂರಿನ ಕಟ್ಟೆಮಳಲವಾಡಿಯಲ್ಲೋ ಪಿರಿಯಾಪಟ್ಟಣದ ಕಂಪಲಾಪುರದಲ್ಲೋ ತಂಬಾಕು ಹರಾಜಾದರೆ ದುಡ್ಡು ಬೆಳೆಗಾರರ ಖಾತೆಗೇ ಬೀಳುತ್ತದೆ. ಕೆ.ಆರ್. ನಗರದಲ್ಲಾಗಲಿ, ಎಚ್.ಡಿ. ಕೋಟೆಯಲ್ಲಾಗಲಿ ಗೃಹಲಕ್ಷ್ಮಿಯ ಎರಡು ಸಾವಿರವೂ ಹಾಗೆಯೇ. ದುಡ್ಡು ಮೊಬೈಲಿಗೆ ಬಂದ ಮೇಲೆ ಕಳ್ಳನೂ ಅಲ್ಲಿಗೇ ಬಂದ: “ಬ್ಯಾಂಕಿಂದ ಮಾತಾಡ್ತಿರೋದು. ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಸಂಜೆಗೆ ಖಾತೆ ಬ್ಲಾಕ್ ಆಗುತ್ತೆ. ಈಗೊಂದು ಒಟಿಪಿ ಬರುತ್ತೆ, ಹೇಳಿ.”

ತಿಳಿದವರೂ ಯಾಕೆ ಹೇಳಿಬಿಡುತ್ತಾರೆ? ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಆಸ್ಪತ್ರೆಯ ನರ್ಸುಗಳಿಗೆ ಗುರುತಿಲ್ಲದ ‘ಡಾಕ್ಟರ್’ ಒಬ್ಬ ಫೋನು ಮಾಡಿ, ರೋಗಿಗೆ 20 ಮಿಲಿಗ್ರಾಂ ಔಷಧ ಕೊಡಿ ಎಂದ. 10 ಮಿಲಿಗ್ರಾಂ ಮೀರಬಾರದೆಂದು ಡಬ್ಬಿಯ ಮೇಲೇ ಬರೆದಿತ್ತು. ಫೋನಿನಲ್ಲಿ ಹೇಳಿದ ಔಷಧ ಕೊಡುವುದು ಆಸ್ಪತ್ರೆಯ ನಿಯಮಕ್ಕೂ ವಿರುದ್ಧ. ಆದರೂ 22 ಮಂದಿಯಲ್ಲಿ 21 ಮಂದಿ ಕೊಡಲು ಹೊರಟರು. ಮಾತ್ರೆ ನಿರಪಾಯಕಾರಿಯಾಗಿತ್ತು, ಅವರನ್ನು ದಾರಿಯಲ್ಲೇ ತಡೆಯಲಾಯಿತು. ಅಧಿಕಾರದ ದನಿ ಕೇಳಿದೊಡನೆ ಕಲಿತದ್ದು ಹಿಂದೆ ಸರಿಯುತ್ತದೆ. ‘ಸಂಜೆಯೊಳಗೆ’ ಎಂಬ ಗಡುವು ಸೇರಿದರೆ ಯೋಚಿಸಲು ಪುರುಸೊತ್ತೂ ಇರುವುದಿಲ್ಲ.

ಫೋನು ಕೂಡ ನಮ್ಮ ನೆರವಿಗೆ ಬರದು. ತೆರೆಯ ಮೇಲೆ ಕಾಣುವ ಸಂಖ್ಯೆ ಕರೆ ಹೊರಟ ಕಡೆಯಿಂದ ಬಂದ ಮಾಹಿತಿ, ಅದನ್ನು ತಿರುಚಬಹುದು. ವಾಟ್ಸಾಪಿನಲ್ಲಿ ಬ್ಯಾಂಕಿನ ಲಾಂಛನ ಹಾಕಿಕೊಳ್ಳಲು ಒಂದು ನಿಮಿಷ ಸಾಕು. ಸೇವೆಗೆ ಸಂಬಂಧಿಸಿದ ಕರೆಗಳನ್ನು 1600ರಿಂದ ಶುರುವಾಗುವ ಸಂಖ್ಯೆಗಳಿಂದಲೇ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಆದರೆ ಯಾವ ಸಂಖ್ಯೆಯಿಂದ ಬಂದರೂ ಒಟಿಪಿ ಕೇಳಿದವನು ಬ್ಯಾಂಕಿನವನಲ್ಲ.

ಯಾಕೆಂದರೆ ಒಟಿಪಿ ಹುಟ್ಟುವುದೇ ಬ್ಯಾಂಕಿನ ಕಂಪ್ಯೂಟರಿನಲ್ಲಿ. ತಾನೇ ಕಳಿಸಿದ್ದನ್ನು ಅದು ನಿಮ್ಮನ್ನೇಕೆ ಕೇಳೀತು? ಕಳ್ಳ ಆಗಲೇ ನಿಮ್ಮ ಕಾರ್ಡಿನ ವಿವರ ಹಾಕಿ ಬಾಗಿಲಲ್ಲಿ ನಿಂತಿದ್ದಾನೆ. ಆ ಆರಂಕಿ ಅವನಿಗೆ ಬೇಕಾದ ಕೊನೆಯ ಕೀಲಿ. ಮೆಸೇಜನ್ನು ಪೂರ್ತಿ ಓದಿ: ಎಷ್ಟು ಹಣ ಹೋಗಲಿದೆಯೆಂದು ಬಹಳ ಸಲ ಅದರಲ್ಲೇ ಇರುತ್ತದೆ. ಯುಪಿಐ ಪಿನ್ ಕೂಡ ಹಣ ಕಳಿಸಲು ಬೇಕೇ ಹೊರತು ಪಡೆಯಲು ಅಲ್ಲ. ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲನ್ನು, ಒತ್ತಬೇಡಿ. ಅದು ಒಳಹೊಕ್ಕರೆ ನಿಮ್ಮ ಮೆಸೇಜುಗಳನ್ನು ತಾನೇ ಓದಿ ಅತ್ತ ಸಾಗಿಸಬಲ್ಲದು.

ದನಿಯಿಂದ ಕಳ್ಳನನ್ನು ಗುರುತಿಸಲು ಹೋಗಬೇಡಿ. ಕರೆ ಕತ್ತರಿಸಿ, ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ಇರುವ ಸಂಖ್ಯೆಗೆ ನೀವೇ ಫೋನು ಮಾಡಿ. ಇಲ್ಲವೇ ಶಾಖೆಗೆ ಹೋಗಿ ಕೇಳಿ.

ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಬೆಳಗಿನ ತನಕ ಕಾಯಬೇಡಿ. ಕದ್ದ ದುಡ್ಡು ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ಹಾರುತ್ತದೆ. ಅದನ್ನು ಮಧ್ಯದಲ್ಲೇ ತಡೆಹಿಡಿಸಲೆಂದೇ 1930 ಸಹಾಯವಾಣಿ ಇದೆ. ಬ್ಯಾಂಕಿಗೂ ತಕ್ಷಣ ತಿಳಿಸಿ. ನೀವೇ ಒಟಿಪಿ ಕೊಟ್ಟಿದ್ದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ ಎನ್ನುತ್ತದೆ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ 1930 ಎಂದು ದಪ್ಪಗೆ ಬರೆದಿಡಿ, ಅಜ್ಜಿಗೂ ಕಾಣುವಷ್ಟು.