ಲೈಫ್‌ಟೈಮ್ ಆಯಿಲ್ ಅಂದ್ರೆ ಯಾರ ಲೈಫ್‌ಟೈಮ್?

ಸಂಜೆ ಆರೂವರೆಗೆ ಬಿನ್ನಿ ಮಿಲ್ ರಸ್ತೆಯಿಂದ ಮಾಗಡಿ ರಸ್ತೆ ಕಡೆ ಹೊರಟ ಕಾರು ಓಡೋದಕ್ಕಿಂತ ನಿಲ್ಲೋದೇ ಜಾಸ್ತಿ. ಎರಡು ಮೀಟರ್ ಮುಂದೆ, ಬ್ರೇಕ್, ಮತ್ತೆ ಎರಡು ಮೀಟರ್. ಎಡಗಾಲಿಗೆ ಈ ಕಷ್ಟ ಬೇಡ ಅಂತಾನೇ ನಮ್ಮೂರಲ್ಲಿ ತುಂಬ ಜನ ಆಟೋಮ್ಯಾಟಿಕ್ ಕಾರು ತಗೊಳ್ತಾರೆ. ಆದರೆ ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಅದರ ಕೆಲಸ ಮಾಯ ಆಗಲ್ಲ. ಅದನ್ನ ಈಗ ಒಂದು ಎಣ್ಣೆ ಮಾಡುತ್ತೆ: ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಚಿಕ್ಕದಾಗಿ ಎಟಿಎಫ್. ಇದನ್ನ ಯಾವಾಗ ಬದಲಾಯಿಸಬೇಕು ಅಂತ ಕೇಳಿದ್ರೆ ಹಲವು ಕಡೆ ಬರೋ ಉತ್ತರ, "ಅದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ." ನಮ್ಮ ಟ್ರಾಫಿಕ್‌ಗೆ ಆ ಮಾತು ಯಾಕೆ ಹೊಂದಲ್ಲ ಅಂತ ನೋಡೋಣ.

ಎಣ್ಣೆ ಯಾಕೆ ಹಾಳಾಗುತ್ತೆ?

ಎದುರುಬದುರು ಇಟ್ಟ ಎರಡು ಫ್ಯಾನ್ ಕಲ್ಪಿಸಿಕೊಳ್ಳಿ. ಒಂದನ್ನ ಆನ್ ಮಾಡಿದ್ರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ. ಟಾರ್ಕ್ ಕನ್ವರ್ಟರ್ ಕೆಲಸ ಮಾಡೋದು ಸುಮಾರು ಹೀಗೇ. ಗಾಳಿಯ ಜಾಗದಲ್ಲಿ ಎಣ್ಣೆ. ಸಿಗ್ನಲ್‌ನಲ್ಲಿ ಗೇರ್ ಡಿ-ಯಲ್ಲಿಟ್ಟು ಬ್ರೇಕ್ ಒತ್ತಿದಾಗ ಎಂಜಿನ್ ಕಡೆಯ ಫ್ಯಾನ್ ತಿರುಗ್ತಾನೇ ಇರುತ್ತೆ, ಚಕ್ರದ ಕಡೆಯದ್ದು ನಿಂತಿರುತ್ತೆ. ಎಂಜಿನ್ ಅಲ್ಲಿಗೆ ಕೊಟ್ಟ ಶಕ್ತಿ ಎಣ್ಣೆಯಲ್ಲಿ ಶಾಖ ಆಗಿ ಸೇರುತ್ತೆ. ಹೈವೇಯಲ್ಲಿ ಲಾಕ್-ಅಪ್ ಕ್ಲಚ್ ಎರಡನ್ನೂ ಜೋಡಿಸಿಬಿಡೋದರಿಂದ ಶಾಖ ಕಡಿಮೆ. ಹಾಗಾಗಿ ಮೈಸೂರು ಹೈವೇಯ 10 ಕಿ.ಮೀ. ಮತ್ತು ಮಾಗಡಿ ರಸ್ತೆಯ 10 ಕಿ.ಮೀ. ಓಡೋಮೀಟರ್‌ಗೆ ಒಂದೇ, ಎಣ್ಣೆಗೆ ಒಂದೇ ಅಲ್ಲ. ಸ್ಥೂಲ ಲೆಕ್ಕದಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಾಗ ಎಣ್ಣೆ ಆಕ್ಸಿಡೈಸ್ ಆಗೋ ವೇಗ ಎರಡು ಪಟ್ಟಾಗುತ್ತೆ.

ಇದೇ ಎಣ್ಣೆ ಒತ್ತಡ ಕೊಟ್ಟು ಒಳಗಿನ ಕ್ಲಚ್ ಪ್ಲೇಟ್‌ಗಳನ್ನ ಹಿಡಿಸುತ್ತೆ. ಪ್ಲೇಟ್ ಎಷ್ಟು ಜಾರಬೇಕು, ಎಷ್ಟು ಬೇಗ ಹಿಡಿಯಬೇಕು ಅನ್ನೋದನ್ನ ನಿರ್ಧರಿಸೋಕೆ ಅದರಲ್ಲಿ ಫ್ರಿಕ್ಷನ್ ಮಾಡಿಫೈಯರ್ ಅನ್ನೋ ರಾಸಾಯನಿಕ ಇರುತ್ತೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಳಸ್ತಿದ್ರು. ಅದು ನಿಷೇಧ ಆದ ಮೇಲೆ ಬದಲಿ ಹುಡುಕೋಕೆ ಎಂಜಿನಿಯರ್‌ಗಳು ಒದ್ದಾಡಿದ್ರು. ಈ ರಾಸಾಯನಿಕ ಸವೆದಾಗ ಗೇರ್ ಬದಲಾಗುವಾಗ ಜರ್ಕ್ ಬರುತ್ತೆ, ಇಲ್ಲ ಗೇರ್ ತಡವಾಗಿ ಬೀಳುತ್ತೆ. ಹಲವು ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡೋ ಜರ್ಮನಿಯ ಝಡ್‌ಎಫ್ ಕಂಪನಿಯೇ ಸುಮಾರು 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಎಣ್ಣೆ ಬದಲಾಯಿಸಿ ಅನ್ನುತ್ತೆ. ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ "ಸಿವಿಯರ್" ಬಳಕೆಗೆ ಬೇರೆ ಅವಧಿ ಕೊಟ್ಟಿದ್ರೆ, ಬಿನ್ನಿಪೇಟೆಯವರು ನೋಡಬೇಕಾದ್ದು ಅದೇ ಸಾಲು.

ಮೊದಲು: ಯಾವ ಆಟೋಮ್ಯಾಟಿಕ್?

ಇನೋವಾ ಕ್ರಿಸ್ಟಾದಲ್ಲಿರೋದು ಟಾರ್ಕ್ ಕನ್ವರ್ಟರ್. ಹೋಂಡಾ ಸಿಟಿ ಪೆಟ್ರೋಲ್‌ನಲ್ಲಿ ಸಿವಿಟಿ. ಅದರ ಸ್ಟೀಲ್ ಬೆಲ್ಟ್ ಪುಲ್ಲಿಯನ್ನ ಸರಿಯಾಗಿ ಹಿಡಿಯಬೇಕಾದ್ರೆ ಸಿವಿಟಿ ಫ್ಲೂಯಿಡ್ಡೇ ಬೇಕು, ಮಾಮೂಲಿ ಎಟಿಎಫ್ ಹಾಕೋ ಹಾಗಿಲ್ಲ. ಮಾರುತಿ 2014ರಲ್ಲಿ ಸೆಲೆರಿಯೋದಲ್ಲಿ ತಂದ ಎಎಂಟಿ, ನಿಜಕ್ಕೂ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋದು ಒಂದು ಆಕ್ಚುಯೇಟರ್ ಅಷ್ಟೇ. ಅದಕ್ಕೆ ಗೇರ್ ಆಯಿಲ್ ಬೇರೆ, ಆಕ್ಚುಯೇಟರ್ ಫ್ಲೂಯಿಡ್ ಬೇರೆ. ಹಾಗಾಗಿ ಜೆ.ಸಿ. ರಸ್ತೆಗೆ ಹೋಗಿ "ಆಟೋಮ್ಯಾಟಿಕ್ ಆಯಿಲ್ ಕೊಡಿ" ಅಂದ್ರೆ ಸಾಲದು. ಮ್ಯಾನುಯಲ್‌ನಲ್ಲಿರೋ ಸ್ಪೆಸಿಫಿಕೇಶನ್ ಹೆಸರು ಅಕ್ಷರಕ್ಕೆ ಅಕ್ಷರ ಸರಿಹೋಗಬೇಕು.

ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್‌ನಲ್ಲಿ ಕೆಲಸದ ಕ್ರಮ

1. ಕಾರು ಸಮತಟ್ಟಾಗಿರಬೇಕು. ಮುಂದಿನ ಎರಡು ಚಕ್ರ ಮಾತ್ರ ಜಾಕ್‌ನಲ್ಲಿ ಎತ್ತಿದ್ರೆ ಲೆವೆಲ್ ತಪ್ಪಾಗುತ್ತೆ. ಲಿಫ್ಟ್ ಇರೋ ಗ್ಯಾರೇಜ್ ವಾಸಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವತ್ತೂ ಹೋಗಬೇಡಿ.

2. ಎಣ್ಣೆ ತೆಗೆಯೋ ಮುಂಚೆ, ತುಂಬೋ ಬೋಲ್ಟ್ ಬಿಚ್ಚುತ್ತಾ ನೋಡಿ. ಎಣ್ಣೆ ಖಾಲಿಯಾದ ಮೇಲೆ ಅದು ಜಾಮ್ ಅಂತ ಗೊತ್ತಾದ್ರೆ ಕಾರು ಅಲ್ಲೇ ಉಳಿಯುತ್ತೆ.

3. ಉಗುರುಬೆಚ್ಚಗಿನ ಎಣ್ಣೆಯನ್ನ ಅಳತೆ ಇರೋ ಪಾತ್ರೆಗೆ ಇಳಿಸಿ. ಎಷ್ಟು ಬಂತು ಅಂತ ಬರೆದಿಡಿ.

4. ಪ್ಯಾನ್ ಬಿಚ್ಚಿ. ಒಳಗಿನ ಆಯಸ್ಕಾಂತದ ಮೇಲೆ ನುಣ್ಣನೆ ಬೂದು ಪೇಸ್ಟ್ ಇದ್ರೆ ಸಹಜ ಸವೆತ. ಲೋಹದ ಚೂರು ಇದ್ರೆ, ಎಣ್ಣೆ ಸುಟ್ಟ ವಾಸನೆ ಬಂದ್ರೆ, ಹೊಸ ಎಣ್ಣೆ ಅದನ್ನ ಸರಿಮಾಡಲ್ಲ.

5. ಫಿಲ್ಟರ್ ಬದಲಾಯಿಸಿ. ಹಳೇ ಓ-ರಿಂಗ್ ರಂಧ್ರದಲ್ಲೇ ಅಂಟಿಕೊಂಡಿರಬಹುದು, ತೆಗೀರಿ. ಇಲ್ಲದಿದ್ರೆ ಪಂಪ್ ಗಾಳಿ ಎಳೆಯುತ್ತೆ. ಕೆಲವು ಗೇರ್‌ಬಾಕ್ಸ್‌ನಲ್ಲಿ ಪ್ಯಾನ್ ಮತ್ತು ಫಿಲ್ಟರ್ ಒಂದೇ ಪ್ಲಾಸ್ಟಿಕ್ ತುಂಡು, ಕೆಲವದರಲ್ಲಿ ಫಿಲ್ಟರ್ ತಲುಪೋಕೆ ಗೇರ್‌ಬಾಕ್ಸೇ ಬಿಚ್ಚಬೇಕು.

6. ಹೊಸ ಗ್ಯಾಸ್ಕೆಟ್ ಹಾಕಿ, ಟಾರ್ಕ್ ರೆಂಚ್‌ನಲ್ಲೇ ಬೋಲ್ಟ್ ಬಿಗಿ ಮಾಡಿ. ಜೋರು ತೋರಿಸಿದ್ರೆ ಅಲ್ಯೂಮಿನಿಯಂ ಥ್ರೆಡ್ ಹೋಗುತ್ತೆ.

7. ತೆಗೆದಷ್ಟೇ ಎಣ್ಣೆ ತುಂಬಿ. ಎಂಜಿನ್ ಆನ್ ಮಾಡಿ, ಬ್ರೇಕ್ ಒತ್ತಿ, ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ಇಡಿ. ಡಿಪ್‌ಸ್ಟಿಕ್ ಇಲ್ಲದ ಹಲವು ಕಾರುಗಳಲ್ಲಿ ಎಂಜಿನ್ ಓಡ್ತಿರುವಾಗಲೇ, ಎಣ್ಣೆ ಮ್ಯಾನುಯಲ್ ಹೇಳಿದ ತಾಪಮಾನಕ್ಕೆ ಬಂದಾಗ ಓವರ್‌ಫ್ಲೋ ಪ್ಲಗ್ ತೆಗೀಬೇಕು. ಧಾರೆ ನಿಂತು ಹನಿ ಶುರುವಾದ್ರೆ ಲೆವೆಲ್ ಸರಿ. ಎಣ್ಣೆ ಬಿಸಿಯಾದ್ರೆ ಹಿಗ್ಗುತ್ತೆ, ಅದಕ್ಕೇ ತಾಪಮಾನ ಮುಖ್ಯ.

ಒಂದು ಸಲ ಸಾಕಾ?

ಪ್ಯಾನ್‌ನಿಂದ ಎಲ್ಲಾ ಎಣ್ಣೆ ಇಳಿಯಲ್ಲ. ಕನ್ವರ್ಟರ್ ಮತ್ತು ಕೂಲರ್‌ನಲ್ಲಿ ಉಳಿಯುತ್ತೆ. ಒಟ್ಟು 7 ಲೀಟರ್, ಇಳಿದದ್ದು 3 ಲೀಟರ್ ಅಂತ ಇಟ್ಕೊಳ್ಳಿ. ಒಂದು ಸಲಕ್ಕೆ ಹೊಸ ಎಣ್ಣೆ ಶೇ. 43. ಮಧ್ಯೆ ಸ್ವಲ್ಪ ಓಡಿಸಿ ಮತ್ತೆ ಮಾಡಿದ್ರೆ ಶೇ. 67, ಮೂರನೇ ಸಲಕ್ಕೆ ಶೇ. 81. ಮೆಷಿನ್ ಹಾಕಿ ಪೂರ್ತಿ ಫ್ಲಶ್ ಮಾಡ್ತೀವಿ ಅಂದ್ರೆ, "ಪ್ಯಾನ್ ಬಿಚ್ಚಿ ಫಿಲ್ಟರ್ ಬದಲಾಯಿಸ್ತೀರಾ?" ಅಂತ ಕೇಳಿ. ಬರೀ ಫ್ಲಶ್ ಆದ್ರೆ ಹಳೇ ಫಿಲ್ಟರ್ ಹಾಗೇ ಉಳಿಯುತ್ತೆ.

ಹಳೇ ಎಣ್ಣೆ ಎಲ್ಲಿಗೆ?

ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ನಮ್ಮ ಏರಿಯಾದ ರಾಜಕಾಲುವೆಗೆ ಸುರಿದದ್ದು ವೃಷಭಾವತಿ ಸೇರಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತೆ. ಆ ನೀರನ್ನ ನಂಬಿ ಬೆಳೆ ಬೆಳೆಯೋರು ಅಲ್ಲಿದ್ದಾರೆ. ಮುಚ್ಚಳ ಇರೋ ಕ್ಯಾನ್‌ಗೆ ತುಂಬಿ, ಹಳೇ ಎಣ್ಣೆಯನ್ನ ಅಧಿಕೃತ ರೀಸೈಕ್ಲರ್‌ಗೆ ಕೊಡುವ ಗ್ಯಾರೇಜ್‌ಗೆ ಒಪ್ಪಿಸಿ.

ಇಷ್ಟೆಲ್ಲ ನೀವೇ ಕೈಯಾರೆ ಮಾಡಬೇಕು ಅಂತಿಲ್ಲ. ಆದರೆ ಎಣ್ಣೆ ಮತ್ತು ಫಿಲ್ಟರ್‌ನ ಖರ್ಚಿನ ಮುಂದೆ ಗೇರ್‌ಬಾಕ್ಸ್ ರಿಪೇರಿ ಖರ್ಚು ಎಷ್ಟೋ ಪಟ್ಟು. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತಗೊಳ್ಳೋ ಮನೆಯವರಿಗಂತೂ ಆ ಬಿಲ್ ದೊಡ್ಡ ಹೊಡೆತ. ಕಾರು ನೋಡೋಕೆ ಹೋದಾಗ ಟೈರ್, ಬ್ಯಾಟರಿ ಜೊತೆ ಇದನ್ನೂ ಕೇಳಿ: ಎಟಿಎಫ್ ಕೊನೇ ಸಲ ಬದಲಾಯಿಸಿದ್ದು ಎಷ್ಟು ಕಿಲೋಮೀಟರ್‌ಗೆ, ಹಾಕಿದ್ದು ಯಾವ ಎಣ್ಣೆ, ಬಿಲ್ ಇದೆಯಾ?