ಕಂಬಳಿ ಹಂಚ್ತೀರಾ? ಮೊದಲು ನೆಲ ನೋಡಿ

ಪ್ರತಿ ಡಿಸೆಂಬರ್‌ನಲ್ಲಿ ನಾವು ಕೆಲವು ಗೆಳೆಯರು ಉಪ್ಪಾರಪೇಟೆ, ಮೆಜೆಸ್ಟಿಕ್ ಸುತ್ತಮುತ್ತ ಕಂಬಳಿ ಹಂಚ್ತೀವಿ. ಒಂದು ರಾತ್ರಿ, ಬಾಗಿಲು ಹಾಕಿದ್ದ ಅಂಗಡಿ ಮುಂದೆ ಮಲಗಲು ಹೊರಟಿದ್ದ ಮೂಟೆ ಹೊರುವ ಹಿರಿಯರೊಬ್ಬರು ನಾನು ಕೊಟ್ಟ ಕಂಬಳಿ ಹೊದೆಯಲಿಲ್ಲ. ಮಡಚಿ ಕೆಳಗೆ ಹಾಸಿಕೊಂಡರು. "ಚಳಿ ನೆಲದಿಂದ ಹತ್ತುತ್ತೆ ಕಣಪ್ಪಾ" ಅಂದರು.

ಅವರ ಮಾತು ಸರಿ. ಬೆಂಗಳೂರಿನ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತೆ. ಮನೆಯೊಳಗಿದ್ದವರಿಗೆ ಅದು ಹಿತ. ಆದರೆ ಮೈಯ ಬಿಸಿ 37 ಡಿಗ್ರಿ. ಕಲ್ಲು, ಕಾಂಕ್ರೀಟ್ ಅದನ್ನು ರಾತ್ರಿಯಿಡೀ ಹೀರುತ್ತಲೇ ಇರುತ್ತವೆ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ. ಅದರ ಎಳೆಗಳ ನಡುವಿನ ಗಾಳಿ ನಮ್ಮ ಬಿಸಿಯನ್ನೇ ಹಿಡಿದಿಡುತ್ತದೆ. ಮೈಭಾರಕ್ಕೆ ಕಂಬಳಿ ಅದುಮಿಹೋದರೆ ಆ ಗಾಳಿಯೂ ಹೋಯ್ತು. ರಟ್ಟು ಅಷ್ಟು ಬೇಗ ಅದುಮುವುದಿಲ್ಲ. ಬೀದಿಯಲ್ಲಿ ಮಲಗುವವರು ರಟ್ಟಿನ ಡಬ್ಬ ಬಿಚ್ಚಿ ಎರಡು-ಮೂರು ಪದರ ಹಾಸಿಕೊಳ್ಳೋದು ಇದಕ್ಕೇ.

ಒದ್ದೆಯಾದರೆ ಮಾತ್ರ ಕಥೆ ಮುಗೀತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಶಾಖ ಸಾಗಿಸುತ್ತದೆ. ಹಾಗಾಗಿ ರಟ್ಟಿನ ಕೆಳಗೊಂದು ಪ್ಲಾಸ್ಟಿಕ್ ಹಾಳೆ ಬೇಕು. ದೋಣಿಯ ಒದ್ದೆ ಹಲಗೆ ಇರಲಿ, ಫುಟ್‌ಪಾತ್ ಇರಲಿ, ನಿಯಮ ಒಂದೇ: ಮೊದಲು ಒಣ ಹಾಸು, ಆಮೇಲೆ ಹೊದಿಕೆ.

"ಕುಡಿದು ಮಲಗ್ತಾರೆ, ಅವರಿಗೆಲ್ಲಿ ಚಳಿ?" ಅನ್ನೋರಿದ್ದಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬೆಚ್ಚಗೆ ಅನಿಸುತ್ತೆ, ನಿಜವಾಗಿ ಮೈ ಇನ್ನೂ ಬೇಗ ತಣ್ಣಗಾಗುತ್ತೆ.

ಇಷ್ಟೆಲ್ಲ ತಿಳಿದಿದ್ದರೂ ಆ ಹಿರಿಯರ ರಟ್ಟು ಬೆಳಿಗ್ಗೆ ಕಸದ ಜೊತೆ ಹೋಗುತ್ತೆ. ಕಂಬಳಿಯನ್ನು ಹಗಲು ಎಲ್ಲಿಡೋದು? ಹೊತ್ತುಕೊಂಡು ಮೂಟೆ ಹೊರೋಕಾಗುತ್ತಾ? ನಮ್ಮ ದಾನ ಸೋಲುವುದು ಇಲ್ಲೇ. ಅವರಿಗೆ ಬೇಕಿರುವುದು ಸೂರು.

ಅದು ಸರ್ಕಾರದ್ದೇ ನಿಯಮ ಕೂಡ ಆಗಿತ್ತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರಕಾರ, ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಕಾಯಂ ಆಶ್ರಯ ಇರಬೇಕಿತ್ತು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಕೊಡಬೇಕಿತ್ತು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಅಂದರೆ ಆ ಹಳೇ ಲೆಕ್ಕದಲ್ಲೇ 8,400 ಮಂದಿಗೆ ಜಾಗ ಇರಬೇಕಿತ್ತು.

ಕಂಬಳಿ ಹಂಚೋದು ನಿಲ್ಲಿಸಬೇಡಿ. ಜೊತೆಗೊಂದು ಹಾಸು ಕೊಡಿ. ಆಮೇಲೆ ಪಾಲಿಕೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ: ಮೆಜೆಸ್ಟಿಕ್ ಸುತ್ತ ಎಷ್ಟು ಮಂದಿಗೆ ಮಲಗಲು ಜಾಗವಿದೆ? ಹೆಂಗಸರಿಗೆ ಎಷ್ಟು? ಹಗಲು ಸಾಮಾನು ಇಡೋಕೆ ವ್ಯವಸ್ಥೆ ಇದೆಯಾ? ಉತ್ತರ ಬಂದ ಮೇಲೆ ಅದನ್ನು ಹಿಡಿದು ನಿಮ್ಮ ಶಾಸಕರ ಕಚೇರಿಗೆ ಹೋಗಿ.